ಓದುಗರ ಪ್ರಶ್ನೆ: ಸಂದಿಯಲ್ಲಿ ಬೈಕ್ ನುಗ್ಗಿಸಬಹುದಾ?

ಪ್ರಶ್ನೆ: ಸಿಲ್ಕ್ ಬೋರ್ಡ್ ಹತ್ತಿರ ಕಾರುಗಳು ನಿಂತಲ್ಲೇ ನಿಂತಿರುತ್ತವೆ. ನಾನು ಎರಡು ಸಾಲುಗಳ ಸಂದಿಯಲ್ಲಿ ಬೈಕ್ ನುಗ್ಗಿಸಿಕೊಂಡು ಮುಂದೆ ಹೋಗುತ್ತೇನೆ, ಎಲ್ಲರೂ ಹಾಗೇ ಹೋಗುತ್ತಾರೆ, ಪೊಲೀಸರೂ ಏನೂ ಅನ್ನುವುದಿಲ್ಲ. ಮೊನ್ನೆ ಕಾರಿನವರೊಬ್ಬರು ಕಿಟಕಿ ಇಳಿಸಿ ‘ಇದು ಇಲ್ಲೀಗಲ್’ ಎಂದು ಕೂಗಾಡಿದರು. ನಿಜವೇ?
- ಓದುಗರು, ಬೆಂಗಳೂರು

ಉತ್ತರ: ಕೂಗಾಟ ಬೇಕಿರಲಿಲ್ಲ, ಆದರೆ ಅವರು ಹೇಳಿದ್ದರಲ್ಲಿ ಹುರುಳಿದೆ. ನಮ್ಮ ಕಾನೂನು ಬೈಕಿಗೆ ಅಂತ ಬೇರೆ ರಿಯಾಯಿತಿ ಕೊಟ್ಟಿಲ್ಲ. ಲೇನ್ ಗೆರೆ ಇರುವ ರಸ್ತೆಯಲ್ಲಿ ಲಾರಿ ಆಗಲಿ, ಸ್ಕೂಟರ್ ಆಗಲಿ, ತನ್ನ ಲೇನಿನೊಳಗೇ ಇರಬೇಕು, ಲೇನ್ ಬದಲಿಸುವಾಗ ಸಿಗ್ನಲ್ ಕೊಡಬೇಕು. ಇದು 1989ರ ರಸ್ತೆ ನಿಯಮಗಳಲ್ಲೇ ಇತ್ತು. ಅವುಗಳ ಬದಲಿಗೆ 2017ರಲ್ಲಿ ಹೊಸ ಚಾಲನಾ ನಿಯಮಗಳು ಬಂದವು, ಲೇನ್ ಶಿಸ್ತು ಅಲ್ಲೂ ಇದೆ. ಇಂಥ ನಿಯಮ ಮುರಿದರೆ ಮೋಟಾರು ವಾಹನ ಕಾಯ್ದೆಯ 177ಎ ಕಲಮಿನಲ್ಲಿ 500ರಿಂದ 1000 ರೂಪಾಯಿ ದಂಡ. ಚಲಿಸುವ ಗಾಡಿಗಳ ನಡುವೆ ಅಪಾಯ ಆಗುವ ಹಾಗೆ ಕಟ್ ಹೊಡೆದುಕೊಂಡು ಹೋದರೆ ಮಾತ್ರ 184ನೇ ಕಲಂ ಬರಬಹುದು, ಅದು ಸಣ್ಣದಲ್ಲ. ಮೊದಲ ಸಲವೇ 5000 ರೂಪಾಯಿವರೆಗೆ ದಂಡ, ಜೈಲಿಗೂ ಅವಕಾಶ ಇದೆ.

ಪೊಲೀಸರು ಸುಮ್ನಿರುತ್ತಾರೆ ಅಂದ್ರೆ ಹಿಡಿಯುವುದಾದರೂ ಎಷ್ಟು ಜನರನ್ನ ಹೇಳಿ. ಎಷ್ಟೋ ರಸ್ತೆಗಳಲ್ಲಿ ಗೆರೆಯೇ ಅಳಿಸಿ ಹೋಗಿದೆ.

ನನಗೆ ದಂಡಕ್ಕಿಂತ ಜಾಸ್ತಿ ಯೋಚನೆ ಆಗುವುದು ಅಪಘಾತದ್ದು. ನೀವು ಸಂದಿಯಲ್ಲಿ ಹೋಗುವಾಗ ಯಾರೋ ಬಾಗಿಲು ತೆಗೆದು ನಿಮಗೆ ಪೆಟ್ಟಾಯಿತು ಅಂತಿಟ್ಟುಕೊಳ್ಳಿ. ನೋಡದೆ ಬಾಗಿಲು ತೆಗೆದದ್ದು ಅವರ ತಪ್ಪೇ, ಆದರೆ ಪರಿಹಾರದ ಕೇಸಿನಲ್ಲಿ ನ್ಯಾಯಮಂಡಳಿ ನಿಮ್ಮ ತಪ್ಪಿನ ಪಾಲೆಷ್ಟು ಅಂತಲೂ ನೋಡುತ್ತದೆ, ಅಷ್ಟು ಪಾಲು ದುಡ್ಡು ಕಡಿತ ಆಗಬಹುದು. ಇನ್ನು ಬಸ್ಸಿನ ಎಡಗಡೆ ಸಂದಿ ಇದೆಯಲ್ಲ, ಅಲ್ಲಿಗೆ ಯಾವ ಕಾರಣಕ್ಕೂ ಹೋಗಬೇಡಿ. ಬಸ್ ಎಡಕ್ಕೆ ತಿರುಗುವಾಗ ಹಿಂದಿನ ಚಕ್ರ ಮುಂದಿನದಕ್ಕಿಂತ ಒಳಗಡೆಯಿಂದ ಬರುತ್ತದೆ, ಡ್ರೈವರಿಗೆ ನೀವು ಕಾಣುವುದೂ ಇಲ್ಲ.

ಪ್ರಶ್ನೆ: ಇಲ್ಲಿ ಫ್ರೀವೇನಲ್ಲಿ ನನ್ನ ಕಾರಿನ ಕನ್ನಡಿ ಸವರಿಕೊಂಡ ಹಾಗೆ ಬೈಕುಗಳು ಹೋಗುತ್ತವೆ. ಅಮೆರಿಕದಲ್ಲೂ ಹೀಗಾ?
- ಓದುಗರು, ಸ್ಯಾನ್ ಹೋಸೆ

ಉತ್ತರ: ಅಮೆರಿಕ ಪೂರ್ತಿ ಅಲ್ಲ, ನಿಮ್ಮ ಕ್ಯಾಲಿಫೋರ್ನಿಯಾ! 2017ರ ಜನವರಿ 1ರಿಂದ ಅಲ್ಲಿ ಕಾನೂನೇ ಇದನ್ನು ಒಪ್ಪಿದೆ, ಕಾರುಗಳು ಓಡುತ್ತಿದ್ದರೂ ಸರಿ. ವೇಗದ ಮಿತಿಯನ್ನು ಮಾತ್ರ ಆ ಕಾನೂನಿನಲ್ಲಿ ಬರೆದಿಲ್ಲ. ನನ್ನ ಪ್ರಕಾರ ಅದು ಕೊರತೆಯೇ. 2019ರಲ್ಲಿ ಯೂಟಾ ಜಾಣತನ ಮಾಡಿತು: ಮುಂದಿನ ವಾಹನಗಳು ಪೂರ್ತಿ ನಿಂತಿರಬೇಕು, ಬೈಕ್ ಗಂಟೆಗೆ 15 ಮೈಲಿ ಮೀರಬಾರದು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ 2014ರಲ್ಲೇ ಗಂಟೆಗೆ 30 ಕಿಲೋಮೀಟರಿನ ಮಿತಿ ಹಾಕಿ ಇದಕ್ಕೆ ಅವಕಾಶ ಕೊಟ್ಟಿತು. ನಮ್ಮ ಊರುಗಳಿಗೂ ಇಂಥದ್ದೇ ಹೊಂದುತ್ತದೆ ಅನ್ನಿಸುತ್ತದೆ, ನಿಂತ ಟ್ರಾಫಿಕ್ಕಿನಲ್ಲಿ ನಿಧಾನ ಹೋಗುವವನನ್ನೂ ನುಗ್ಗುವವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ ಅಲ್ವಾ?

ಸಿಟ್ಟಿಗೆ ಕಾರನ್ನು ಅಡ್ಡ ಎಳೆದು ಬೈಕಿನವರನ್ನು ತಡೆಯಬೇಡಿ, ಕ್ಯಾಲಿಫೋರ್ನಿಯಾದಲ್ಲಿ ಅದು ನಿಮ್ಮ ಮೇಲೇ ತಿರುಗುತ್ತದೆ. ನೀವೂ ಬೈಕ್ ಕೊಂಡು ಲಾಸ್ ವೇಗಸ್ ಕಡೆ ಹೊರಟರೆ, ನೆವಾಡಾ ಗಡಿ ದಾಟಿದ ಮೇಲೆ ಸಂದಿಗೆ ಇಳಿಯಬೇಡಿ. ಅಲ್ಲಿ ಇದು ನಿಷಿದ್ಧ.