ಟೈರ್ ಬಿಟ್ಟರೆ ಆಲೆಮನೆ ಒಲೆ ಉರಿಯುತ್ತಾ?

ಪ್ರಶ್ನೆ: ನಮ್ಮದು ಪಾಂಡವಪುರ ತಾಲ್ಲೂಕು. ಅಪ್ಪನ ಕಾಲದ ಆಲೆಮನೆ, ಎಂಟು ಜನ ಕೆಲಸಕ್ಕೆ ಬರುತ್ತಾರೆ. ಮಳೆ ಹಿಡಿದರೆ ಕಬ್ಬಿನ ಸಿಪ್ಪೆ ಒಣಗುವುದಿಲ್ಲ. ಆಗ ಹಳೇ ಟೈರ್ ಚೂರು, ಪ್ಲಾಸ್ಟಿಕ್ ತರಿಸಿ ಒಲೆಗೆ ಹಾಕುತ್ತೇವೆ. ಹೊಗೆ ಅಂತ ಅಕ್ಕಪಕ್ಕದವರು ಜಗಳಕ್ಕೆ ಬರುತ್ತಾರೆ. ಅವರದ್ದೂ ತಪ್ಪಿಲ್ಲ. ಆದರೆ ಟೈರ್ ಬಿಟ್ಟರೆ ಒಲೆ ನಿಲ್ಲುತ್ತೆ, ಎಂಟು ಮನೆಯ ಕೂಲಿ ಹೋಗುತ್ತೆ. ಏನು ಮಾಡಲಿ ಸಾರ್?

ಉತ್ತರ: ಟೈರನ್ನು ಇವತ್ತೇ ನಿಲ್ಲಿಸಿ. ಒಲೆ ನಿಲ್ಲಿಸಬೇಡಿ. ಎರಡೂ ಒಟ್ಟಿಗೆ ಆಗುವ ಮಾತೇ, ಲೆಕ್ಕ ಹಾಕಿ ತೋರಿಸುತ್ತೇನೆ.

ಒಂದು ಟನ್ ಕಬ್ಬು ಅರೆದರೆ ಸುಮಾರು 600 ಕೆಜಿ ಹಾಲು ಬರುತ್ತದೆ. ಬೆಲ್ಲ ಆಗುವುದು ಸುಮಾರು 100 ಕೆಜಿ. ಅಂದರೆ ಅರ್ಧ ಟನ್ ನೀರನ್ನು ನೀವು ಆವಿ ಮಾಡಿ ಕಳಿಸಬೇಕು. ಅದಕ್ಕೆ ಬೇಕಾದ ಉರಿ ಅದೇ ಕಬ್ಬಿನ 400 ಕೆಜಿ ಸಿಪ್ಪೆಯಲ್ಲಿದೆ. ತೊಡಕು ಏನು ಗೊತ್ತಾ? ಗಾಣದಿಂದ ಆಗ ತಾನೇ ಬಿದ್ದ ಸಿಪ್ಪೆಯಲ್ಲಿ ಅರ್ಧಕ್ಕರ್ಧ ನೀರೇ ಇರುತ್ತದೆ. ಹಸಿಯಾಗಿಯೇ ತಳ್ಳಿದರೆ ಆ 200 ಲೀಟರ್ ನೀರನ್ನೂ ನಿಮ್ಮ ಒಲೆಯೇ ಕಾಯಿಸಬೇಕು. ಕೊಪ್ಪರಿಗೆಗೆ ಸಿಗಬೇಕಾದ ಶಾಖ ಸಿಪ್ಪೆ ಒಣಗಿಸುವುದಕ್ಕೇ ಮುಗಿಯುತ್ತದೆ. ಆ ಕೊರತೆ ತುಂಬುವುದಕ್ಕೇ ಟೈರ್ ಬರುತ್ತಿರುವುದು.

ಹಾಗಾಗಿ ಮೊದಲ ಖರ್ಚು ಸಿಪ್ಪೆಗೆ ಒಂದು ಸೂರು. ತಗಡು ಹೊದಿಸಿ, ನಾಲ್ಕೂ ಕಡೆ ಗಾಳಿ ಆಡುವ ಹಾಗೆ ಬಿಡಿ. ನೆಲದ ತೇವ ಹಿಡಿಯದಂತೆ ಕೆಳಗೆ ಕಲ್ಲೋ ತೆಂಗಿನ ಮರದ ತುಂಡೋ ಹಾಕಿ. ಬೇಸಿಗೆಯಲ್ಲಿ ಎರಡು ಮೂರು ದಿನದ ಬಿಸಿಲಿಗೇ ಸಿಪ್ಪೆ ಗರಗರ ಅನ್ನುತ್ತದೆ. ಆಗ ಉಳಿದಿದ್ದನ್ನು ಮಾರಿಬಿಡಬೇಡಿ, ಮಳೆಗಾಲಕ್ಕೆ ಕೂಡಿಡಿ.

ಎರಡನೆಯದು ಒಲೆ. ರಾತ್ರಿ ಹೊತ್ತು ಹೊರಗೆ ನಿಂತು ಚಿಮಣಿ ನೋಡಿ. ಅದರ ಬಾಯಲ್ಲಿ ಬೆಂಕಿಯ ನಾಲಿಗೆ ಕಂಡರೆ ನಿಮ್ಮ ದುಡ್ಡು ಅಲ್ಲಿ ಉರಿಯುತ್ತಿದೆ ಅಂತಲೇ ಅರ್ಥ. ಒಂಟಿ ಕೊಪ್ಪರಿಗೆಯ ಹಳೇ ಒಲೆಗಳಲ್ಲಿ ಇದು ಜಾಸ್ತಿ. ಚಿಮಣಿಗೆ ಹೋಗುವ ದಾರಿಯಲ್ಲೇ ಇನ್ನೊಂದು ಕೊಪ್ಪರಿಗೆ ಕೂರಿಸಿದರೆ ಮುಂದಿನ ಸರದಿಯ ಹಾಲು ಆ ಬಿಸಿಗೇ ಕಾದು ಸಿದ್ಧವಾಗಿರುತ್ತದೆ. ಒಲೆಯೊಳಗೆ ಕಬ್ಬಿಣದ ಜಾಲರಿ ಇಟ್ಟರೆ ಬೂದಿ ಕೆಳಗೆ ಬೀಳುತ್ತದೆ, ಗಾಳಿ ಕೆಳಗಿಂದ ಏರಿ ಸಿಪ್ಪೆ ಪೂರ್ತಿ ಸುಡುತ್ತದೆ.

ಇನ್ನೊಂದು ಕೆಲಸಕ್ಕೆ ಒಂದು ಪೈಸೆಯೂ ಬೇಡ. ಉರಿ ಹಾಕುವವರನ್ನು ಗಮನಿಸಿ. ದೊಡ್ಡ ತಬ್ಬು ಸಿಪ್ಪೆ ಒಮ್ಮೆಗೇ ತಳ್ಳಿ ಬೀಡಿ ಹಚ್ಚಲು ಹೋಗುತ್ತಾರೆ. ಆಗ ಚಿಮಣಿಯಲ್ಲಿ ಕರಿ ಹೊಗೆ ಏಳುತ್ತದೆ, ಸ್ವಲ್ಪ ಹೊತ್ತಿಗೆ ತಿಳಿಯಾಗುತ್ತದೆ, ಮತ್ತೆ ತಬ್ಬು ಬಿದ್ದರೆ ಮತ್ತೆ ಕರಿ. ಅದೇ ಸಿಪ್ಪೆಯನ್ನು ಸ್ವಲ್ಪ ಸ್ವಲ್ಪವೇ, ಬಿಡದೆ ಹಾಕುತ್ತಾ ಬಂದರೆ ಹೊಗೆ ಇಳಿಯುವುದನ್ನು ನೀವೇ ಕಾಣುತ್ತೀರಿ. ಆದರೆ ಆ ಬೆಂಕಿಯ ಮುಂದೆ ಇಡೀ ದಿನ ನಿಲ್ಲುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಆ ಕೆಲಸಕ್ಕೆ ಇಬ್ಬರನ್ನು ಸರದಿ ಮೇಲೆ ಹಾಕಿ.

ಟೈರಿನ ವಿಷಯದಲ್ಲಿ ಮಾತ್ರ ನಾನು ರಾಜಿ ಆಗುವವನಲ್ಲ. ಟೈರಲ್ಲಿ ಗಂಧಕ ಇದೆ, ಸತು ಇದೆ. ಸುಟ್ಟಾಗ ಏಳುವ ಮಸಿಯಲ್ಲಿ ಕ್ಯಾನ್ಸರ್ ತರುವ ಅಂಶಗಳಿವೆ. ಪೈಪು, ವೈರಿನ ಪ್ಲಾಸ್ಟಿಕ್ ಸುಟ್ಟರೆ ಡಯಾಕ್ಸಿನ್ ಅನ್ನುವ ವಿಷ ಹುಟ್ಟುತ್ತದೆ. ಅದು ಹುಲ್ಲಿನ ಮೇಲೆ ಕೂತು, ಹಸು ಮೇಯ್ದು, ಹಾಲಿಗೆ ಬರುತ್ತದೆ. ಅದನ್ನು ಮೊದಲು ಕುಡಿಯುವುದು ಒಲೆ ಮುಂದೆ ನಿಂತವರ ಮಕ್ಕಳೇ ಅಲ್ವಾ? ನಿಮ್ಮ ಕೊಪ್ಪರಿಗೆಗೂ ಮುಚ್ಚಳ ಇಲ್ಲ, ಮಸಿ ಪಾಕಕ್ಕೂ ಬೀಳುತ್ತದೆ.

ದುಡ್ಡಿನ ಮಾತು. ಒಂದು ಜಿಲ್ಲೆ ಒಂದು ಉತ್ಪನ್ನ ಪಟ್ಟಿಯಲ್ಲಿ ಮಂಡ್ಯಕ್ಕೆ ಸಿಕ್ಕಿರುವುದು ಬೆಲ್ಲವೇ. ಸಣ್ಣ ಆಹಾರ ಸಂಸ್ಕರಣಾ ಘಟಕಗಳಿಗೆ ಅಂತ ಕೇಂದ್ರ ಸರ್ಕಾರ 2020ರಲ್ಲಿ ಶುರು ಮಾಡಿದ ಪಿಎಂಎಫ್‌ಎಂಇ ಯೋಜನೆಯಲ್ಲಿ ಸಾಲದ ಜೊತೆ ಶೇ 35ರಷ್ಟು ಸಹಾಯಧನ ಇಟ್ಟಿದ್ದರು, ಗರಿಷ್ಠ 10 ಲಕ್ಷ. ಈಗ ಅರ್ಜಿ ತೆಗೆದುಕೊಳ್ಳುತ್ತಾರಾ ಅಂತ ಜಂಟಿ ಕೃಷಿ ನಿರ್ದೇಶಕರ ಕಚೇರಿಯಲ್ಲಿ ಕೇಳಿ. ಒಲೆ ಒಡೆಯುವ ಮುಂಚೆ ಮಂಡ್ಯದ ವಿ.ಸಿ. ಫಾರ್ಮಿಗೆ ಒಮ್ಮೆ ಹೋಗಿ ಬನ್ನಿ. ಕಬ್ಬು, ಬೆಲ್ಲದ ಮೇಲೆ ಅಲ್ಲಿ ಸಂಶೋಧನೆ ನಡೆಯುತ್ತದೆ. ಗಾರೆ ಕೆಲಸದವರನ್ನೂ ಜೊತೆಗೆ ಕರೆದುಕೊಂಡು ಹೋಗಿ, ಒಲೆಯ ಅಳತೆ ಅವರ ಕಣ್ಣಿಗೆ ಬೀಳಬೇಕು.

ಪ್ರಶ್ನೆ: ಕಬ್ಬು ಕಡಿದ ಮೇಲೆ ತರಗು ಸುಡದೆ ಬಿಟ್ಟರೆ, ಅದೇ ಬುಡದಿಂದ ಮತ್ತೆ ಚಿಗುರುವ ಕೂಳೆ ಬೆಳೆಗೆ ತೊಂದರೆ ಅಂತಾರೆ. ನಿಜವಾ? (ಮದ್ದೂರಿನಿಂದ)

ಉತ್ತರ: ಸುಟ್ಟರೇ ತೊಂದರೆ ಜಾಸ್ತಿ. ಎಕರೆಗೆ ಮೂರು ನಾಲ್ಕು ಟನ್ ತರಗು ಬೀಳುತ್ತದೆ. ಬೆಂಕಿ ಇಟ್ಟರೆ ಅದರಲ್ಲಿನ ಸಾರಜನಕ ಹೆಚ್ಚುಕಮ್ಮಿ ಪೂರ್ತಿ ಗಾಳಿಗೆ ಹೋಗುತ್ತದೆ, ಆಮೇಲೆ ಅದನ್ನೇ ಯೂರಿಯಾ ಅಂತ ದುಡ್ಡು ಕೊಟ್ಟು ತರುತ್ತೀರಿ. ಸಾಲು ಬಿಟ್ಟು ಸಾಲಿಗೆ ತರಗು ಹರಡಿ, ಖಾಲಿ ಸಾಲಲ್ಲಿ ನೀರು ಹಾಯಿಸಿ. ಕಳೆ ಕಮ್ಮಿ, ನೀರೂ ಉಳಿಯುತ್ತದೆ. ಬೇಗ ಕೊಳೆಯಬೇಕೆಂದರೆ ತರಗಿನ ಮೇಲೆ ಸಗಣಿ ಬಗ್ಗಡದ ಜೊತೆ ಸ್ವಲ್ಪ ಯೂರಿಯಾ ಚಿಮುಕಿಸಿ. ಕೂಳೆಯ ಮೊಳಕೆ ಏಳುವ ಬುಡದ ಮೇಲೆ ಮಾತ್ರ ತರಗು ಕೂರದಂತೆ ಸರಿಸಿಬಿಡಿ.