ಎಡಗಡೆ ಪೂರ್ತಿ ‘ಇಲ್ಲ’

ತೀರ್ಥಹಳ್ಳಿ ತಾಲ್ಲೂಕಿನ ಓದುಗರೊಬ್ಬರ ಪತ್ರ ಇದು. ಸ್ವಲ್ಪ ಚಿಕ್ಕದು ಮಾಡಿದ್ದೇನೆ.

“ಮಗಳು ಮೊದಲ ಪಿಯುಸಿ. ಪ್ರೋಕ್ಯಾರಿಯೋಟ್ ಜೀವಕೋಶಕ್ಕೂ ಯೂಕ್ಯಾರಿಯೋಟ್ ಜೀವಕೋಶಕ್ಕೂ ವ್ಯತ್ಯಾಸ ಬರೆಯಿರಿ ಅಂತ ಒಂದು ಪಟ್ಟಿ ಇದೆ. ರಾತ್ರಿಯೆಲ್ಲ ಅದನ್ನೇ ಉರು ಹೊಡೆಯುತ್ತಾಳೆ. ಎಡಗಡೆ ಪೂರ್ತಿ ‘ಇಲ್ಲ’, ಬಲಗಡೆ ಪೂರ್ತಿ ‘ಇದೆ’. ಕೋಶಕೇಂದ್ರ ಇಲ್ಲ, ಮೈಟೋಕಾಂಡ್ರಿಯಾ ಇಲ್ಲ, ಗಾಲ್ಗಿ ಇಲ್ಲ. ಏನೂ ಇಲ್ಲದ್ದು ಬದುಕೋದು ಹೇಗೆ ಅಂತ ಕೇಳಿದೆ. ಅವಳಿಗೂ ಗೊತ್ತಿಲ್ಲ. ಇನ್ನೊಂದು ವಿಷಯ. ಹಿಂದಿನ ಸಂಚಿಕೆಯಲ್ಲಿ ಅಡಿಕೆಯ ಹಳದಿ ಎಲೆ ರೋಗಕ್ಕೆ ಶಿಲೀಂಧ್ರ ಕಾರಣ ಅಂತ ಹಾಕಿದ್ದೀರಿ. ತಪ್ಪು ಅಂತಾಳೆ ಇವಳು. ಯಾರು ಸರಿ? – ನಿಮ್ಮ ಒಬ್ಬ ಅಕ್ಕ.”

ಅಕ್ಕಾ, ಮಗಳೇ ಸರಿ. ತಪ್ಪು ನನ್ನದು. ಎಲೆಚುಕ್ಕಿ ರೋಗದ ಬರಹ, ಹಳದಿ ಎಲೆ ರೋಗದ ಬರಹ ಎರಡನ್ನೂ ಒಂದೇ ಪುಟಕ್ಕೆ ತುರುಕುವಾಗ ಎರಡಕ್ಕೂ ಒಂದೇ ಕಾರಣ ಅಂಟಿಸಿಬಿಟ್ಟೆ. ಪುಟ ಪ್ರೆಸ್ಸಿಗೆ ಹೋಗುವ ಸಂಜೆ ಕರೆಂಟ್ ಇರಲಿಲ್ಲ ಅನ್ನೋದೆಲ್ಲ ಸುಮ್ನೆ ನೆಪ. ಎಲೆಚುಕ್ಕಿ ತರುವುದು ಶಿಲೀಂಧ್ರ. ಹಳದಿ ಎಲೆ ರೋಗದ ಮರದಲ್ಲಿ ಸಿಗುವುದು ಫೈಟೋಪ್ಲಾಸ್ಮಾ ಎಂಬ ಒಂದು ಬಗೆಯ ಬ್ಯಾಕ್ಟೀರಿಯಾ. ಮಗಳ ಪಟ್ಟಿಯಲ್ಲಿ ಶಿಲೀಂಧ್ರ ಬಲಗಡೆಯ ಯೂಕ್ಯಾರಿಯೋಟ್, ಬ್ಯಾಕ್ಟೀರಿಯಾ ಎಡಗಡೆಯ ಪ್ರೋಕ್ಯಾರಿಯೋಟ್. ಇದು ಸಣ್ಣ ತಪ್ಪಲ್ಲ. ಜೀವಕೋಶದ ಲೆಕ್ಕದಲ್ಲಿ ನೋಡಿದರೆ ಎಲೆಚುಕ್ಕಿಯ ಶಿಲೀಂಧ್ರ ಆ ಬ್ಯಾಕ್ಟೀರಿಯಾಗಿಂತ ನಿಮಗೂ ನನಗೂ ಹತ್ತಿರದ ನೆಂಟ.

ಇನ್ನು ‘ಇಲ್ಲ’ದ ವಿಷಯ. ಆ ಪಟ್ಟಿ ಬರೆದವರು ಬಲಗಡೆ ಕೂತು ಎಡಗಡೆ ನೋಡಿದ್ದಾರೆ, ತೊಂದರೆ ಇರೋದು ಅಲ್ಲೇ. ಹೆಸರಿನಿಂದಲೇ ಇದು ಶುರು. ಗ್ರೀಕ್‌ನಲ್ಲಿ ‘ಕ್ಯಾರಿಯಾನ್’ ಅಂದರೆ ಕಾಯೊಳಗಿನ ತಿರುಳು. ಇಲ್ಲಿ ಅದು ಕೋಶಕೇಂದ್ರ. ‘ಯೂ’ ಅಂದರೆ ಚೆನ್ನಾಗಿರುವ, ‘ಪ್ರೋ’ ಅಂದರೆ ಅದಕ್ಕಿಂತ ಮುಂಚಿನ. ಹೆಸರಲ್ಲೇ ಒಂದು ಪಾಸು, ಒಂದು ಫೇಲು.

ಬ್ಯಾಕ್ಟೀರಿಯಾದೊಳಗೆ ಡಿಎನ್ಎ ಇದೆ. ನಮ್ಮ ಕರುಳಲ್ಲೇ ಇರುವ ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ಸುಮಾರು 46 ಲಕ್ಷ ಅಕ್ಷರಗಳ ಡಿಎನ್ಎ ಬಳೆಯ ಹಾಗೆ ಸುತ್ತು ಸೇರಿ ಮುದುಡಿ ಕೂತಿದೆ. ಅದರ ಸುತ್ತ ಪೊರೆ ಇಲ್ಲ, ಅಷ್ಟೆ. ಪೊರೆ ಇಲ್ಲದ್ದರಿಂದ ಏನಾಗುತ್ತದೆ ನೋಡಿ. ಯಾವ ಕೋಶದಲ್ಲಾದರೂ ಮೊದಲು ಡಿಎನ್ಎಯಿಂದ ಆರ್‌ಎನ್‌ಎ ಎಂಬ ನಕಲು ತಯಾರಾಗಬೇಕು. ಆ ನಕಲನ್ನು ಓದಿಕೊಂಡು ರೈಬೋಸೋಮ್‌ಗಳು ಪ್ರೋಟೀನ್ ಕಟ್ಟುತ್ತವೆ. ಬ್ಯಾಕ್ಟೀರಿಯಾದಲ್ಲಿ ನಕಲಿನ ತಲೆ ಹೊರಗೆ ಬಂದದ್ದೇ ತಡ, ರೈಬೋಸೋಮ್ ಕಚ್ಚಿಕೊಂಡು ಓದಲು ಶುರು ಮಾಡುತ್ತದೆ. ಬಾಲ ಇನ್ನೂ ಬರೆದೇ ಆಗಿರುವುದಿಲ್ಲ. ಸುಗ್ಗಿಯ ರಾತ್ರಿ ಮೆಟ್ಟುಗತ್ತಿಯಲ್ಲಿ ಸುಲಿದ ಅಡಿಕೆ ಬುಟ್ಟಿಗೂ ಬೀಳದೆ ಸೀದಾ ಹಂಡೆಗೆ ಬಿದ್ದ ಹಾಗೆ.

ನಮ್ಮ ಕೋಶದಲ್ಲಿ ಹಾಗೆ ನಡೆಯುವುದಿಲ್ಲ. ಕೋಶಕೇಂದ್ರದ ಒಳಗೇ ನಕಲು ಮುಗಿಯಬೇಕು. ಬೇಡದ ತುಂಡು ಕತ್ತರಿಸಿ, ಬೇಕಾದ್ದನ್ನು ಜೋಡಿಸಬೇಕು. ಆಮೇಲೆ ಪೊರೆಯ ತೂತಿನಿಂದ ಆಚೆ. ಅಡಿಕೆಯಲ್ಲಿ ಹಸ ಯಾವುದು, ಬೆಟ್ಟೆ ಯಾವುದು ಅಂತ ಆರಿಸಿಯೇ ಹಂಡೆಗೆ ಹಾಕುವ ಮನೆ ಇದು. ಕೆಲಸ ನಿಧಾನ. ಆದರೆ ಒಂದೇ ನಕಲನ್ನು ಬೇರೆ ಬೇರೆ ರೀತಿ ಕತ್ತರಿಸಿ ಬೇರೆ ಬೇರೆ ಪ್ರೋಟೀನ್ ಮಾಡಿಕೊಳ್ಳಬಹುದು. ಮನುಷ್ಯನಲ್ಲಿ ಪ್ರೋಟೀನ್‌ಗೆ ಸೂಚನೆ ಕೊಡುವ ಜೀನ್‌ಗಳು ಸುಮಾರು 20,000 ಮಾತ್ರ. ಅಷ್ಟರಲ್ಲೇ ಕಣ್ಣು, ಲಿವರ್, ಉಗುರು ಎಲ್ಲ ಆಗುವುದು ಈ ಕತ್ತರಿ ಕೆಲಸದ ದೆಸೆಯಿಂದಲೂ ಹೌದು.

ಬ್ಯಾಕ್ಟೀರಿಯಾಕ್ಕೆ ಕಣ್ಣು ಉಗುರು ಬೇಕಿಲ್ಲ. ಅದಕ್ಕೆ ಬೇಕಾದ್ದು ವೇಗ. ಊಟವೂ ಮೈಬಿಸಿಯಷ್ಟು ಶಾಖವೂ ಸಿಕ್ಕರೆ ಇ. ಕೋಲೈ 20 ನಿಮಿಷಕ್ಕೆ ಒಂದು ಎರಡಾಗುತ್ತದೆ. ಪ್ರಯೋಗಾಲಯದಲ್ಲಿ ಬೆಳೆಸಿದ ಮನುಷ್ಯನ ಕೋಶ ಎರಡಾಗಲು ಹೆಚ್ಚುಕಮ್ಮಿ ಒಂದು ದಿನ ಹಿಡಿಯುತ್ತದೆ. ಜಡಿಮಳೆಯಲ್ಲಿ ದೋಸೆ ಹಿಟ್ಟಿನ ಪಾತ್ರೆಯನ್ನು ಬಚ್ಚಲ ಒಲೆ ಪಕ್ಕ ಇಟ್ಟು ಮಲಗುತ್ತೀರಲ್ಲ, ಬೆಳಿಗ್ಗೆ ಅದು ಮುಚ್ಚಳ ಎತ್ತಿಕೊಂಡು ಕೂತಿರುತ್ತದೆ. ಆ ಹಿಟ್ಟನ್ನು ಉಬ್ಬಿಸುವುದರಲ್ಲಿ ದೊಡ್ಡ ಪಾಲು ಬ್ಯಾಕ್ಟೀರಿಯಾದ್ದೇ. ಏನೂ ಇಲ್ಲದವರು ಮಾಡುವ ಕೆಲಸವೇ ಅದು?

ಹಾಗಾದರೆ ಬಲಗಡೆಯವರಿಗೆ ಇಷ್ಟೆಲ್ಲ ಕೋಣೆ ಯಾಕೆ ಬೇಕಾಯಿತು? ಗಾತ್ರದ ಕಾರಣಕ್ಕೆ. ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಒಂದೆರಡು ಮೈಕ್ರಾನ್ ಉದ್ದ. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ನಮ್ಮ ಕೋಶಗಳು 10ರಿಂದ 100 ಮೈಕ್ರಾನ್. ಬ್ಯಾಕ್ಟೀರಿಯಾ ಉಸಿರಾಡಿ ಶಕ್ತಿ ತಯಾರಿಸುವುದು ತನ್ನ ಮೈಯ ಪೊರೆಯಲ್ಲೇ. ಅದು ಹತ್ತು ಪಟ್ಟು ಉದ್ದಗಲ ದಪ್ಪ ಆಯಿತು ಅಂತ ಇಟ್ಟುಕೊಳ್ಳಿ. ಚರ್ಮ 100 ಪಟ್ಟು ಆಗುತ್ತದೆ, ಹೊಟ್ಟೆ 1,000 ಪಟ್ಟು! ದುಡಿಯುವ ಚರ್ಮ ಕಮ್ಮಿ, ತಿನ್ನುವ ಹೊಟ್ಟೆ ಜಾಸ್ತಿ. ಮನೆ ನಡೆಯುವುದಿಲ್ಲ. ಅದಕ್ಕೇ ನಮ್ಮ ಕೋಶ ಶಕ್ತಿ ತಯಾರಿಸುವ ಪೊರೆಯನ್ನು ಒಳಗೇ ಮಡಿಸಿ ಮಡಿಸಿ ಇಟ್ಟುಕೊಂಡಿದೆ. ಅದೇ ಮೈಟೋಕಾಂಡ್ರಿಯಾ.

ಇಲ್ಲೇ ಕತೆ ತಿರುಗುತ್ತದೆ. ಈ ಮೈಟೋಕಾಂಡ್ರಿಯಾ ನಮ್ಮ ಸ್ವಂತದ್ದಲ್ಲ. 150 ಕೋಟಿ ವರ್ಷಕ್ಕೂ ಹಿಂದೆ ಒಂದು ಕೋಶದೊಳಗೆ ಸೇರಿಕೊಂಡು ಅಲ್ಲೇ ಉಳಿದ ಬ್ಯಾಕ್ಟೀರಿಯಾ ಅದು. ಸಾಕ್ಷಿ ಅದರ ಮೈಮೇಲೇ ಇದೆ. ಸುತ್ತ ಎರಡು ಪೊರೆ. ಒಳಗೆ ಬಳೆಯಂಥ ಸ್ವಂತ ಡಿಎನ್ಎ, ಮನುಷ್ಯನಲ್ಲಾದರೆ 16,569 ಅಕ್ಷರ, 37 ಜೀನ್. ಸ್ವಂತ ರೈಬೋಸೋಮ್, ಅದೂ ಬ್ಯಾಕ್ಟೀರಿಯಾ ಕುಲದ್ದು. ಹೊಸದು ಹುಟ್ಟುವುದು ಹಳೆಯದು ಎರಡಾಗಿಯೇ. ಗಿಡದ ಹಸಿರು ಕ್ಲೋರೋಪ್ಲಾಸ್ಟ್ ಕತೆಯೂ ಇದೇ. ಅದರ ಮೂಲಪುರುಷ ನೀಲಿಹಸಿರು ಬ್ಯಾಕ್ಟೀರಿಯಾ. ಈ ಯೋಚನೆಗೆ ಗಟ್ಟಿ ರೂಪ ಕೊಟ್ಟ ಜೀವವಿಜ್ಞಾನಿ ಲಿನ್ ಮಾರ್ಗುಲಿಸ್ ಅವರ ಬರಹ ಅಚ್ಚಾದದ್ದು 1967ರಲ್ಲಿ. ಅದಕ್ಕೂ ಮೊದಲು ಹಲವು ಪತ್ರಿಕೆಗಳು ಅದನ್ನು ವಾಪಸ್ ಕಳಿಸಿದ್ದವು. ಸಂಪಾದಕರ ಜಾತಿಯೇ ಹೀಗೆ, ಏನು ಮಾಡೋದು.

ಅಂದರೆ ಪಟ್ಟಿಯ ಬಲಗಡೆ ‘ಮೈಟೋಕಾಂಡ್ರಿಯಾ ಇದೆ’ ಅನ್ನುವ ಸಾಲಿಗೆ ಅರ್ಥ ಏನು? ಎಡಗಡೆಯವನೊಬ್ಬ ಬಲಗಡೆಯವರ ಮನೆಯಲ್ಲಿ ಒಲೆ ಉರಿಸುತ್ತಿದ್ದಾನೆ ಅಂತ.

ಮಗಳ ಪಟ್ಟಿಯಲ್ಲಿ ನಾನು ಗೆರೆ ಎಳೆದು ಉಳಿಸುವ ಸಾಲು ರೈಬೋಸೋಮ್‌ದು. ಬ್ಯಾಕ್ಟೀರಿಯಾದಲ್ಲಿ 70 ಎಸ್, ನಮ್ಮಲ್ಲಿ 80 ಎಸ್. ಮೊದಲನೆಯದು 50 ಮತ್ತು 30ರ ಜೋಡಿ. ಹಾಗಾದರೆ 80 ಆಗಬೇಕಲ್ವಾ ಅಂತ ಅವಳು ಕೇಳಿದರೆ ಬೈಯಬೇಡಿ. ‘ಎಸ್’ ತೂಕ ಅಲ್ಲ. ಯಂತ್ರದಲ್ಲಿ ಗಿರಗಿರ ತಿರುಗಿಸಿದಾಗ ಎಷ್ಟು ಬೇಗ ತಳ ಸೇರುತ್ತದೆ ಅನ್ನುವ ಅಳತೆ. ಅದರಲ್ಲಿ ಕೂಡುವ ಲೆಕ್ಕ ನಡೆಯುವುದಿಲ್ಲ. ಸ್ಟ್ರೆಪ್ಟೋಮೈಸಿನ್, ಟೆಟ್ರಾಸೈಕ್ಲಿನ್ ತರದ ಔಷಧಿಗಳು ಈ 70 ಎಸ್ ರೈಬೋಸೋಮನ್ನು ಹಿಡಿದು ನಿಲ್ಲಿಸುತ್ತವೆ. ನಮ್ಮ 80 ಎಸ್ ಬಹುಮಟ್ಟಿಗೆ ಪಾರು. ಆದರೆ ಒಳಗಿರುವ ಆ ಹಳೆಯ ನೆಂಟ ಕೆಲವೊಮ್ಮೆ ಸಿಕ್ಕಿಬೀಳುತ್ತಾನೆ. ಮೈಟೋಕಾಂಡ್ರಿಯಾದ ಡಿಎನ್ಎಯಲ್ಲಿ ಒಂದೇ ಒಂದು ಅಕ್ಷರ ಬದಲಾಗಿರುವ ಕೆಲವರಿಗೆ ಸ್ಟ್ರೆಪ್ಟೋಮೈಸಿನ್ ಚುಚ್ಚಿದರೆ ಕಿವಿ ಹೋಗುವ ಅಪಾಯ ಜಾಸ್ತಿ. ಆ ಬದಲಾವಣೆಯಿಂದ ಅವರ ಮೈಟೋಕಾಂಡ್ರಿಯಾದ ರೈಬೋಸೋಮ್ ಇನ್ನಷ್ಟು ಬ್ಯಾಕ್ಟೀರಿಯಾದ ಹಾಗೆ ಆಗಿರುತ್ತದೆ. ಔಷಧಿಗೆ ಗುರುತು ತಪ್ಪುತ್ತದೆ.

ಪೆನಿಸಿಲಿನ್‌ದು ಬೇರೆ ದಾರಿ. ಅದು ಬ್ಯಾಕ್ಟೀರಿಯಾದ ಕೋಶಭಿತ್ತಿ ಕಟ್ಟಲು ಬಿಡುವುದಿಲ್ಲ. ಹಳದಿ ಎಲೆಯ ಫೈಟೋಪ್ಲಾಸ್ಮಾಕ್ಕೆ ಭಿತ್ತಿಯೇ ಇಲ್ಲ, ಅದರ ಮೇಲೆ ಪೆನಿಸಿಲಿನ್ ಆಟ ನಡೆಯದು. ಅದೂ ಅಲ್ಲದೆ ಅದು ಕೂತಿರುವುದು ಮರದ ಒಳಗೆ, ಎಲೆಯಿಂದ ಸಕ್ಕರೆ ಇಳಿಯುವ ನಾಳದಲ್ಲಿ. ಮೇಲಿಂದ ಹೊಡೆದ ಔಷಧಿ ಅಲ್ಲಿಗೆ ಮುಟ್ಟುವುದಿಲ್ಲ. ನನ್ನ ತಪ್ಪು ಬರಹ ಓದಿ ಯಾರಾದರೂ ಹಳದಿ ಎಲೆಗೆ ಶಿಲೀಂಧ್ರನಾಶಕ ತಂದಿದ್ದರೆ ದುಡ್ಡು ದಂಡ. ಅದೇ ನನಗೆ ಜಾಸ್ತಿ ಬೇಜಾರು.

ಅಡಿಕೆಯ ಕೊಳೆರೋಗ ಇನ್ನೊಂದು ಸೋಜಿಗ. ಮೈಸೂರು ಸಂಸ್ಥಾನದಲ್ಲಿ ವಿಜ್ಞಾನಿಯಾಗಿದ್ದ ಲೆಸ್ಲಿ ಕೋಲ್ಮನ್ ಅದರ ಬಗ್ಗೆ 1910ರಲ್ಲೇ ಬರೆದಿದ್ದರು. ಅದನ್ನು ತರುವ ಫೈಟಾಫ್ತೊರಾವನ್ನು ನಾವೆಲ್ಲ ಶಿಲೀಂಧ್ರ ಅಂತಲೇ ಕರೆಯುತ್ತೇವೆ. ನಿಜಕ್ಕೂ ಫೈಟಾಫ್ತೊರಾ ಶಿಲೀಂಧ್ರದ ಪೈಕಿ ಅಲ್ಲ, ಕಂದು ಪಾಚಿಗಳ ಕಡೆಯ ನೆಂಟ. ಯೂಕ್ಯಾರಿಯೋಟ್ ಅನ್ನೋದಂತೂ ಖಂಡಿತ. ಅದಕ್ಕೆ ಹೊಡೆಯುವ ಮೈಲುತುತ್ತ ಸುಣ್ಣದ ಬೋರ್ಡೋ ದ್ರಾವಣ ಮಾತ್ರ ಎಡ ಬಲ ನೋಡುವುದಿಲ್ಲ. ಅದರಲ್ಲಿರುವ ತಾಮ್ರ ಎರಡೂ ಕಡೆಯವರಿಗೆ ವಿಷ.

ನಮ್ಮ ಕಡೆಯ ಜ್ವರಗಳಿಗೂ ಇದೇ ಲೆಕ್ಕ. ಇಲಿಜ್ವರ ಬ್ಯಾಕ್ಟೀರಿಯಾದ್ದು, ಬೇಗ ಹಿಡಿದರೆ ಆಂಟಿಬಯೋಟಿಕ್ ಕೇಳುತ್ತದೆ. ಒಂದು ಕಾಲಕ್ಕೆ ಮಲೆನಾಡನ್ನು ಹಿಂಡಿದ ಮಲೇರಿಯಾ ಯೂಕ್ಯಾರಿಯೋಟ್‌ದು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆ ವೈರಸ್‌ದು. ವೈರಸ್ ಜೀವಕೋಶವೇ ಅಲ್ಲ, ಅದಕ್ಕೆ ರೈಬೋಸೋಮೂ ಇಲ್ಲ, ಭಿತ್ತಿಯೂ ಇಲ್ಲ. ಅಲ್ಲಿ ಆಂಟಿಬಯೋಟಿಕ್ ಹಿಡಿಯುವುದಾದರೂ ಏನನ್ನು? ಈ ಕಾಯಿಲೆ ಹರಡುವ ಉಣುಗು ಕಚ್ಚಿ ಜ್ವರ ಬಂದರೆ ಮೆಡಿಕಲ್ ಶಾಪಿಗಲ್ಲ, ಆಸ್ಪತ್ರೆಗೆ ಹೋಗಿ.

ಪಟ್ಟಿಯ ಉಳಿದ ಸಾಲುಗಳನ್ನು ಪರೀಕ್ಷೆಗೆ ಬರೆಯಲಿ, ಪೂರ್ತಿ ನಂಬುವುದು ಬೇಡ. ‘ಬ್ಯಾಕ್ಟೀರಿಯಾ ಕಣ್ಣಿಗೆ ಕಾಣದು’ ಅನ್ನುತ್ತದೆ ಪಟ್ಟಿ. ಕೆರಿಬಿಯನ್ ದ್ವೀಪವೊಂದರ ಕಾಂಡ್ಲಾ ಕಾಡಿನಲ್ಲಿ ಸಿಕ್ಕ ಸುಮಾರು ಒಂದು ಸೆಂಟಿಮೀಟರ್ ಉದ್ದದ ಬ್ಯಾಕ್ಟೀರಿಯಾ 2022ರಲ್ಲಿ ಸುದ್ದಿಯಾಯಿತು. ‘ಬಲಗಡೆ ಕೋಶಕೇಂದ್ರ ಇದೆ’ ಅಂತಲೂ ಇದೆ. ನಮ್ಮ ಕೆಂಪು ರಕ್ತಕಣ ಬೆಳೆದ ಮೇಲೆ ಅದನ್ನು ಹೊರಗೆ ಹಾಕಿಬಿಡುತ್ತದೆ. ಎಡಗಡೆಯಲ್ಲೂ ಎರಡು ಮನೆ ಇದೆ. 1977ರಲ್ಲಿ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ ಎಂಬ ವಿಜ್ಞಾನಿಗಳು, ಕೋಶಕೇಂದ್ರ ಇಲ್ಲದ ಇನ್ನೊಂದು ಬಗೆಯ ಸೂಕ್ಷ್ಮಜೀವಿಗಳಾದ ಆರ್ಕಿಯಾಗಳನ್ನು ಬ್ಯಾಕ್ಟೀರಿಯಾದಿಂದ ಬೇರೆ ಮಾಡಿ ತೋರಿಸಿದರು. ನಿಮ್ಮ ಕೊಟ್ಟಿಗೆ ಹಿಂದೆ ಗೋಬರ್ ಗ್ಯಾಸ್ ಗುಂಡಿ ಇದ್ದರೆ, ಒಲೆಗೆ ಬರುವ ಮೀಥೇನ್ ಆ ಆರ್ಕಿಯಾಗಳ ಕೈಗುಣ.

ಕಾಲೇಜಿನ ಲ್ಯಾಬಿನಲ್ಲಿ ಮಗಳು ಒಂದು ಕೆಲಸ ಮಾಡಲಿ. ಹಲ್ಲುಕಡ್ಡಿಯ ಮೊಂಡು ತುದಿಯಿಂದ ಕೆನ್ನೆಯ ಒಳಗಡೆ ಮೆತ್ತಗೆ ಕೆರೆದು ಗಾಜಿಗೆ ಸವರಬೇಕು. ಮೆಥಿಲೀನ್ ಬ್ಲೂ ಒಂದು ತೊಟ್ಟು. ಸೂಕ್ಷ್ಮದರ್ಶಕದಲ್ಲಿ ಹಪ್ಪಳದಂಥ ಅಗಲವಾದ ಕೋಶ, ನಡುವೆ ನೀಲಿ ಬೊಟ್ಟು ಕಾಣುತ್ತದೆ. ಅದು ಕೋಶಕೇಂದ್ರ. ಅಷ್ಟಕ್ಕೇ ಎದ್ದು ಬರಬಾರದು. ಹೆಚ್ಚು ದೊಡ್ಡದು ಮಾಡುವ ಮಸೂರಕ್ಕೆ ತಿರುಗಿಸಿ ಹಪ್ಪಳದ ಮೇಲೆ ನಿಧಾನ ಹುಡುಕಿದರೆ, ಎಳ್ಳು ಉದುರಿಸಿದ ಹಾಗೆ ಪುಟ್ಟ ನೀಲಿ ಚುಕ್ಕಿಗಳು ಕಾಣುತ್ತವೆ. ಅವಳ ಬಾಯಲ್ಲೇ ಇರುವ ಬ್ಯಾಕ್ಟೀರಿಯಾ. ಪಟ್ಟಿಯ ಎರಡೂ ಕಡೆ ಒಂದೇ ಗಾಜಿನ ಮೇಲೆ. ಅವಳು ಅದರ ಚಿತ್ರ ಬರೆದು ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ನನ್ನ ತಿದ್ದುಪಡಿಯ ಪಕ್ಕದಲ್ಲೇ ಹಾಕುತ್ತೇನೆ.

– ಸಂಪಾದಕ