ಆ ಖಾಲಿ ಕ್ವಾರ್ಟರ್ಸ್ ಕಥೆ

ಭದ್ರಾವತಿಗೆ ಹೊಸದಾಗಿ ಬಂದಿರುವ ಓದುಗರೊಬ್ಬರ ಪತ್ರ: "ಪೇಪರ್ ಟೌನ್ ಕಡೆ ಎರಡಂತಸ್ತಿನ ಕ್ವಾರ್ಟರ್ಸ್ ಪಾಳುಬಿದ್ದಿವೆ. ಗೋಡೆಯಲ್ಲಿ ಅರಳಿಗಿಡ. ಹುಡುಗರು ದೆವ್ವದ ಮನೆ ಅಂತಾರೆ. ಯಾಕೆ ಬಿಟ್ಟುಹೋದರು? ಬಡವರಿಗಾದರೂ ಕೊಡಬಾರದಾ?"

ದೆವ್ವದ ವಿಷಯ ಹುಡುಗರಿಗೇ ಬಿಡೋಣ. ಆ ಮನೆಗಳನ್ನು ಯಾರೂ ಇಷ್ಟಪಟ್ಟು ಬಿಟ್ಟಿಲ್ಲ. ಕೆಲಸ ಹೋಯಿತು, ಅದರ ಹಿಂದೆ ಮನೆಯೂ ಹೋಯಿತು.

ಆಗ ಬೆಂಕಿಪುರ ಅನ್ನಿಸಿಕೊಂಡಿದ್ದ ಇದೇ ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಶುರುಮಾಡಿತು. ಅದಿರು ಕೆಮ್ಮಣ್ಣುಗುಂಡಿಯದು. ಕಲ್ಲಿದ್ದಲು ಹತ್ತಿರದಲ್ಲಿರಲಿಲ್ಲ, ಮಲೆನಾಡಿನ ಸೌದೆಯನ್ನೇ ಇದ್ದಿಲು ಮಾಡಿ ಉರಿಸಿದರು. 1936ರಲ್ಲಿ ಕಾಗದದ ಕಂಪನಿ ಹುಟ್ಟಿತು. 1981ರಿಂದ ಅಲ್ಲಿ ನ್ಯೂಸ್‌ಪ್ರಿಂಟ್, ಅಂದರೆ ಪತ್ರಿಕೆ ಅಚ್ಚುಹಾಕುವ ಕಾಗದ ಕೂಡ ತಯಾರಾಯಿತು. ಪತ್ರಿಕೆಯವರಾದ ನಮಗೆ ಆ ಋಣ ಇದ್ದೇ ಇದೆ! ಕನ್ನಡಿಗರ ಜೊತೆ ತಮಿಳರು, ತೆಲುಗರು, ಮಲಯಾಳಿಗಳೂ ಕೆಲಸಕ್ಕೆ ಬಂದರು. ಅಷ್ಟು ಜನಕ್ಕೆ ಮನೆ ಎಲ್ಲಿತ್ತು? ಕಾರ್ಖಾನೆಗಳೇ ಕಟ್ಟಿಸಿದವು. ನ್ಯೂಟೌನ್, ಪೇಪರ್ ಟೌನ್ ಬೆಳೆದದ್ದು ಹೀಗೆ.

ಕ್ವಾರ್ಟರ್ಸ್ ಲೆಕ್ಕ ಸರಳ. ನೌಕರಿ ಇರುವಷ್ಟು ದಿನ ಮನೆ. ರಿಟೈರ್ ಆದಮೇಲೆ ಬೀಗದ ಕೈ ವಾಪಸ್, ಇನ್ನೊಬ್ಬ ಕಾರ್ಮಿಕನ ಸಂಸಾರ ಒಳಗೆ. ಹೊಸಬರ ನೇಮಕಾತಿ ನಿಂತರೆ ಆ ಇನ್ನೊಬ್ಬ ಬರೋದೇ ಇಲ್ಲ. ಕಾಗದದ ಮಿಲ್ 2015ರಲ್ಲಿ ನಿಂತಿತು. ಆ ಕಬ್ಬಿಣ, ಉಕ್ಕಿನ ಕಾರ್ಖಾನೆ ಮುಚ್ಚುವ ತೀರ್ಮಾನ ಬಂದದ್ದು 2023ರ ಜನವರಿಯಲ್ಲಿ, ಸರಿಯಾಗಿ ನೂರು ವರ್ಷ ತುಂಬಿದಾಗ. ಕಾರ್ಮಿಕರು ಬೀದಿಗಿಳಿದರು. ಅದೇ ವರ್ಷ ಸ್ವಲ್ಪಮಟ್ಟಿಗೆ ಕೆಲಸ ಮತ್ತೆ ಶುರುವಾಯಿತು.

ಇನ್ನು ಆ ಅರಳಿಗಿಡ. ಹಕ್ಕಿ ಹಾಕಿದ ಬೀಜ ಗೋಡೆಯ ಬಿರುಕಲ್ಲಿ ಮೊಳೆಯುತ್ತದೆ. ಮನೆಯಲ್ಲಿ ಜನ ಇದ್ದರೆ ಕಿತ್ತು ಬಿಸಾಕುತ್ತಾರೆ, ತಾರಸಿಯ ಎಲೆ ಗುಡಿಸುತ್ತಾರೆ. ಖಾಲಿ ಮನೆಯಲ್ಲಿ ಎಲೆ ಪೈಪಿಗೆ ಅಡ್ಡ ಕೂತು ಮಳೆನೀರು ನಿಲ್ಲುತ್ತದೆ. ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ, ಕಾಂಕ್ರೀಟ್ ಸಿಡಿದು ಉದುರುತ್ತದೆ. ನಮ್ಮ ಮಳೆಗಾಲ ಗೊತ್ತಲ್ವಾ, ಇದಕ್ಕೆ ಜಾಸ್ತಿ ವರ್ಷ ಬೇಕಿಲ್ಲ.

ಬಡವರಿಗೆ ಕೊಡಬಹುದಿತ್ತು, ನಿಜ. ಆದರೆ ಮನೆಗಳು ಕಂಪನಿಯ ಆಸ್ತಿ. ಕಂಪನಿಯ ಗತಿ ತೀರ್ಮಾನವಾಗುವ ತನಕ ಯಾರೂ ಕೈಹಾಕುವುದಿಲ್ಲ. ಅಷ್ಟರಲ್ಲಿ ಚಾವಣಿಯೇ ಕೈಕೊಡುತ್ತದೆ. ರಿಪೇರಿ ಆಗುವಂಥ ಬ್ಲಾಕ್‌ಗಳನ್ನಾದರೂ ಬೇಗ ಗುರುತಿಸಬೇಕು ಅನ್ನುವುದು ನಮ್ಮ ಅಭಿಪ್ರಾಯ.

ವಿಡಿಯೊ ಮಾಡಲು ಒಳಗೆ ನುಗ್ಗುವ ಹುಡುಗರಿಗೆ ಬುದ್ಧಿ ಹೇಳಿ, ತಲೆ ಮೇಲೆ ಸ್ಲ್ಯಾಬ್ ಬಿದ್ದೀತು. ಗೋಡೆ ಮೇಲೆ ಬ್ಲಾಕ್ ನಂಬರ್ ಉಳಿದಿದ್ದರೆ ಹೊರಗಿನಿಂದಲೇ ನೋಡಿ ಬರೆದು ಕಳಿಸಿ. ಅಲ್ಲಿ ಬಾಳಿದವರು ನಮ್ಮ ಓದುಗರಲ್ಲೇ ಇರಬಹುದು, ಅವರಿಂದಲೇ ಬರೆಸೋಣ.

— ಸಂಪಾದಕ